ಎಂತೂ ಆಗ್ತಿಲ್ಲೆ

ಬಿಡಕಿಬೈಲಿನ ಗದ್ದುಗೆಯಲ್ಲಿ ಮಾರಿಕಾಂಬೆಯ ದರ್ಶನಕ್ಕೆ ಎರಡೂವರೆ ತಾಸು ಸಾಲಿನಲ್ಲಿ ನಿಂತು, ಉಡಿ ಸೇವೆ ಮುಗಿಸಿ ಹೊರಗೆ ಬರುವಷ್ಟರಲ್ಲಿ ಸಂಜೆಯಾಗಿತ್ತು. ಶಿರಸಿ ಜಾತ್ರೆ ಎರಡು ವರ್ಷಕ್ಕೊಮ್ಮೆ. ಬೆಂಗಳೂರು ಸೇರಿದ ಮೇಲೆ ನನಗೆ ಎಷ್ಟೋ ಜಾತ್ರೆ ತಪ್ಪಿಹೋಗಿವೆ. ಈ ಸಲ ಅಣ್ಣ ಫೋನಿನ ಮೇಲೆ ಫೋನು ಮಾಡಿ ಕರೆಸಿಕೊಂಡಿದ್ದ. ಜನಜಂಗುಳಿಯಲ್ಲಿ ಅಣ್ಣನ ಮಗ ಮುಂದೆ, ಅವನ ಏಳು ವರ್ಷದ ಮಾಣಿ ನಡುವೆ, ನಾನು ಹಿಂದೆ. ಕಬ್ಬಿನಹಾಲಿನ ಗಾಣ, ಬೆಂಡು-ಬತ್ತಾಸಿನ ರಾಶಿ, ಬಳೆ ಅಂಗಡಿಗಳ ಸಾಲು ದಾಟಿದರೆ ತೊಟ್ಟಿಲು. ಪೇಟೆಯವರು ಜಾಯಿಂಟ್ ವ್ಹೀಲ್ ಎನ್ನುತ್ತಾರೆ, ನಮ್ಮ ಕಡೆಗೆ ಅದು ಇವತ್ತಿಗೂ ತೊಟ್ಟಿಲೇ. ನಾನು ಕಂಡಿದ್ದ ತೊಟ್ಟಿಲಿನ ಮೂರು ಪಟ್ಟು ಎತ್ತರ, ಮೈತುಂಬ ಬಣ್ಣ ಬದಲಿಸುವ ಎಲ್‌ಇಡಿ ದೀಪ. ಟಿಕೆಟ್ ಕೌಂಟರು ಹತ್ತಿರವಾಗುತ್ತಿದ್ದಂತೆ ನನ್ನ ಕೈಯೊಳಗಿದ್ದ ಮಾಣಿಯ ಕೈ ಬೆವರತೊಡಗಿತು. ಮೊದಲು ಅಂಗೈ, ಆಮೇಲೆ ಬೆರಳ ಸಂದಿ.

"ಯಂಗೆ ಬ್ಯಾಡ" ಎಂದ.

"ಎಂತೂ ಆಗ್ತಿಲ್ಲೆ, ಬಾರೋ" ಎಂದ ಅವನಪ್ಪ.

ಏನೂ ಆಗುವುದಿಲ್ಲ ಎನ್ನುವ ಆ ಎರಡು ಶಬ್ದವನ್ನು ಅದೇ ಊರಲ್ಲಿ, ಅದೇ ದೇವಿಯ ಜಾತ್ರೆಯಲ್ಲಿ, ಹೆಚ್ಚು ಕಡಿಮೆ ಅದೇ ಧ್ವನಿಯಲ್ಲಿ ನಾನು ಒಮ್ಮೆ ಕೇಳಿದ್ದೆ. ನಲವತ್ತಾರು ವರ್ಷದ ಹಿಂದೆ.

ನನಗಾಗ ಒಂಬತ್ತು. ನಮ್ಮ ಮನೆ ಶಿರಸಿಯಿಂದ ಹನ್ನೆರಡು ಮೈಲಿ ಒಳಗೆ, ತೋಟದ ತಲೆಯ ಮೇಲೆ. ಅಡಿಕೆ ಒಣಗಿಸಿ ಸುಲಿದು, ಚಾಲಿ ಮೂಟೆ ಕಟ್ಟಿ ಮುಗಿಯುವ ಹೊತ್ತಿಗೆ ಜಾತ್ರೆ ಬರುತ್ತಿತ್ತು. ಮನೆಯಲ್ಲಿ ಮಕ್ಕಳಿಗೆ ಅತ್ಯಂತ ಹತ್ತಿರದವನು ಅಪ್ಪಚ್ಚಿ. ಚಿಕ್ಕಪ್ಪನನ್ನು ನಾವು ಕರೆಯುವುದು ಹಾಗೆ. ಇಪ್ಪತ್ತನಾಲ್ಕು ವರ್ಷದವನು, ಇನ್ನೂ ಮದುವೆಯಾಗಿರಲಿಲ್ಲ. ಮರ ಹತ್ತಿ ಮಂಗ ಓಡಿಸುವವನು, ಹೊಳೆಯಲ್ಲಿ ಮುಳುಗಿ ಆಚೆ ದಡದಲ್ಲಿ ಏಳುವವನು. ಅವನು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸಿದ. ನಾಟಕ ಕಂಪನಿಯ ಪರದೆ, ಬಾವಿಯೊಳಗೆ ಬೈಕು ಓಡಿಸುವವರು, ಎಲ್ಲ. ಕೊನೆಗೆ ತೊಟ್ಟಿಲು.

ಎಂಟು ಪೆಟ್ಟಿಗೆಯ ಕಬ್ಬಿಣದ ತೊಟ್ಟಿಲು. ಪಕ್ಕದಲ್ಲಿ ಡೀಸೆಲ್ ಎಂಜಿನ್ನು ಡುಗುಡುಗು ಅನ್ನುತ್ತಿತ್ತು, ಬೆಲ್ಟು ತಿರುಗುತ್ತಿತ್ತು. ಡೀಸೆಲಿನ ವಾಸನೆಗೆ ಕಬ್ಬಿನಹಾಲಿನ ಸಿಹಿ ವಾಸನೆ ಬೆರೆತಿತ್ತು. ಇವತ್ತಿಗೂ ಬಸ್‌ಸ್ಟ್ಯಾಂಡಿನಲ್ಲಿ ಕಬ್ಬಿನಹಾಲು ಕುಡಿಯಲು ನನಗಾಗುವುದಿಲ್ಲ. ನಮ್ಮ ಪೆಟ್ಟಿಗೆಯ ಬೆನ್ನಿಗೆ ತಾವರೆ ಬಿಡಿಸಿದ್ದರು. ಬರಿಮೈಯ ಹುಡುಗನೊಬ್ಬ ಪೆಟ್ಟಿಗೆ ಹಿಡಿದು ನಿಲ್ಲಿಸಿ, ನಾವು ಕುಳಿತ ಮೇಲೆ ಅಡ್ಡಕ್ಕೆ ಒಂದು ಸರಳು ಹಾಕಿದ. ಆ ಸರಳಿಗೂ ನನ್ನ ಹೊಟ್ಟೆಗೂ ನಡುವೆ ಇನ್ನೊಂದು ಮಗು ಕೂರುವಷ್ಟು ಜಾಗ. ಸರಳಿನ ತುದಿಯ ಕೊಂಡಿಗೆ ಮೊಳೆಯೊಂದನ್ನು ಸಿಕ್ಕಿಸಿ ಅದನ್ನು ತಂತಿಯಿಂದ ಸುತ್ತಿದ್ದರು. ತಂತಿಯ ಒಂದು ಎಳೆ ಬಿಚ್ಚಿಕೊಂಡು ಮೇಲಕ್ಕೆ ಚಾಚಿತ್ತು. ಆ ಎಳೆಯನ್ನು ನಾನು ಎಷ್ಟು ನೋಡಿದ್ದೇನೆಂದರೆ, ಈಗ ಕಣ್ಣು ಮುಚ್ಚಿದರೂ ಅದರ ಬಾಗು ಯಾವ ಕಡೆಗಿತ್ತು ಎಂದು ಹೇಳಬಲ್ಲೆ.

ತೊಟ್ಟಿಲು ಒಮ್ಮೆಲೇ ತಿರುಗುವುದಿಲ್ಲ. ಕೆಳಗಿನ ಪೆಟ್ಟಿಗೆ ತುಂಬಿದ ಹಾಗೆ ಮೊದಲು ಕುಳಿತವರು ಒಂದೊಂದೇ ಹಂತ ಮೇಲೇರಬೇಕು. ನಾವು ಮೊದಲು ಕುಳಿತಿದ್ದೆವು. ಪ್ರತಿ ಸಲ ಒಂದು ಜಗ್ಗು, ಒಂದು ತೂಗು, ಆಮೇಲೆ ನಿಶ್ಚಲ. ತುತ್ತತುದಿಗೆ ಬಂದಾಗ ಕೆಳಗೆ ಯಾರದೋ ಚಿಲ್ಲರೆಯ ಜಗಳ ಹತ್ತಿ, ಎಂಜಿನ್ನು ಹಾಗೇ ಗುಟುರು ಹಾಕುತ್ತ ನಿಂತಿತು. ಕೆಳಗಿನ ಜನ ಅಂಗಳದಲ್ಲಿ ಹರವಿದ ಅಡಿಕೆಯಂತೆ ಕಂಡರು. ಅಪ್ಪಚ್ಚಿ ಖುಷಿಯಲ್ಲಿ ಪೆಟ್ಟಿಗೆಯನ್ನು ಕಾಲಿನಿಂದ ಜೀಕತೊಡಗಿದ. ತಂತಿಯ ಎಳೆ ನಡುಗಿತು.

"ಇಳ್ಸು" ಎಂದು ಕೂಗಿದೆ.

"ಎಂತೂ ಆಗ್ತಿಲ್ಲೆ ಕೂಸೇ" ಎಂದು ನಕ್ಕ.

ಆಮೇಲೆ ಅದು ತಿರುಗಿತು. ಮೇಲಿಂದ ಇಳಿಯುವಾಗ ಪ್ರತಿ ಸಲವೂ ಹೊಟ್ಟೆ ನನ್ನನ್ನು ಬಿಟ್ಟು ಎಲ್ಲೋ ಹೋಗುತ್ತಿತ್ತು. ಎಷ್ಟು ಸುತ್ತೋ ಗೊತ್ತಿಲ್ಲ. ನಿಂತಿತು, ಸರಳು ತೆಗೆಯಲು ಹುಡುಗ ಬಂದ, ನಾನು ಏಳಲು ಹೊರಟೆ. ಆಗ ಅಪ್ಪಚ್ಚಿ ಜೇಬಿನಿಂದ ಎಂಟಾಣೆ ತೆಗೆದು ಹುಡುಗನ ಕೈಗಿಟ್ಟು, "ಇನ್ನೊಂದ್ ಆಟ" ಎಂದ. ನನಗೆ ಬೇರೆಲ್ಲಕ್ಕಿಂತ ನೆನಪಿರುವುದು ಆ ಎಂಟಾಣೆ. ಇಳಿಸು ಎಂದು ನಾನು ಅಷ್ಟು ಹೊತ್ತು ಕೂಗಿದ್ದನ್ನು ಕೇಳಿಸಿಕೊಂಡೇ ಅವನು ಅದನ್ನು ಕೊಟ್ಟಿದ್ದ.

ಲಂಗ ಒದ್ದೆಯಾಗಿತ್ತು. ಮನೆಗೆ ಬಂದ ಮೇಲೆ ಆಯಿ ಮಾತಿಲ್ಲದೆ ಒಗೆದು ಹಾಕಿದಳು. ಊರಿಗೆಲ್ಲ ಸುದ್ದಿಯಾಯಿತು. ಅಂಜುಬುರುಕಿ ಎಂಬ ಹೆಸರು ಮದುವೆಯವರೆಗೂ ಜೊತೆಗಿತ್ತು.

ಹೆಸರು ಹೋದರೂ ಭಯ ಹೋಗಲಿಲ್ಲ. ಜೋಕಾಲಿ ಹತ್ತಲಿಲ್ಲ. ತೂಗುಸೇತುವೆ ಎಂದರೆ ಸುತ್ತುದಾರಿ ಹಿಡಿದೆ. ಬೆಂಗಳೂರಿನಲ್ಲಿ ನೆಂಟರ ಮನೆಗೆ ಐದು ಮಹಡಿಯಾದರೂ ಮೆಟ್ಟಿಲು ಹತ್ತಿಯೇ ಹೋದೆ. ಗಂಡ ಮೊದಲು ನಕ್ಕರು, ಆಮೇಲೆ ತಾವೂ ನನ್ನ ಜೊತೆ ಮೆಟ್ಟಿಲು ಹತ್ತುವುದನ್ನು ರೂಢಿ ಮಾಡಿಕೊಂಡರು.

ನಾನು ಪ್ರೌಢಶಾಲೆಯಲ್ಲಿ ಭೌತಶಾಸ್ತ್ರದ ಶಿಕ್ಷಕಿ. ಒಂಬತ್ತನೆಯ ತರಗತಿಗೆ ಗುರುತ್ವದ ಪಾಠ ಬಂದಾಗಲೆಲ್ಲ ಮುಕ್ತ ಪತನವನ್ನು ವಿವರಿಸಬೇಕು. ಹಗ್ಗ ತುಂಡಾದ ಲಿಫ್ಟಿನಲ್ಲಿ ತೂಕದ ಯಂತ್ರದ ಮೇಲೆ ನಿಂತಿದ್ದೀರಿ ಎಂದುಕೊಳ್ಳಿ, ಯಂತ್ರವೂ ನಿಮ್ಮ ಜೊತೆಗೇ ಬೀಳುತ್ತಿರುತ್ತದೆ, ಮುಳ್ಳು ಸೊನ್ನೆಗೆ ಬರುತ್ತದೆ. ಭೂಮಿ ಎಳೆಯುವುದನ್ನು ಬಿಟ್ಟಿರುವುದಿಲ್ಲ, ನಿಮ್ಮನ್ನು ಒತ್ತಿ ಹಿಡಿಯುವ ನೆಲ ಮಾತ್ರ ಇಲ್ಲವಾಗಿರುತ್ತದೆ. ಇದನ್ನು ಇಪ್ಪತ್ತು ವರ್ಷ ಹೇಳಿದೆ. ಹೇಳುವಾಗಲೆಲ್ಲ ನನ್ನ ಹೊಟ್ಟೆಯಲ್ಲಿ ತಾವರೆ ಬಿಡಿಸಿದ ಪೆಟ್ಟಿಗೆ ಇಳಿಯುತ್ತಿತ್ತು. ಮಕ್ಕಳಿಗೆ ಅದು ಗೊತ್ತಾಗುವಂತಿರಲಿಲ್ಲ.

ಶಾಲೆಯ ಪ್ರವಾಸಗಳು ಮೊದಲೆಲ್ಲ ಬೇಲೂರು-ಹಳೇಬೀಡು, ಶ್ರವಣಬೆಳಗೊಳ, ಜೋಗ. 2005ರಲ್ಲಿ ಬಿಡದಿಯ ಹತ್ತಿರ ವಂಡರ್‌ಲಾ ಶುರುವಾದ ಮೇಲೆ ಮಕ್ಕಳ ಬೇಡಿಕೆ ಬದಲಾಯಿತು. ದೊಡ್ಡದು ಚಿಕ್ಕದು ಎನ್ನದೆ ಬೆಂಗಳೂರು, ಮೈಸೂರಿನ ಸುತ್ತಿನ ಪಾರ್ಕುಗಳಿಗೆಲ್ಲ ನಾನು ಮಕ್ಕಳ ಜೊತೆ ಹೋಗಿದ್ದೇನೆ. ಹೋದಲ್ಲೆಲ್ಲ ಒಂದೇ ಕೆಲಸ ಕೇಳಿ ಪಡೆಯುತ್ತಿದ್ದೆ: ಬ್ಯಾಗು ಕಾಯುವುದು. ಅರವತ್ತು ಬ್ಯಾಗು, ನೀರಿನ ಬಾಟಲಿ, ಕನ್ನಡಕ, ಕೈಗಡಿಯಾರ ಎಲ್ಲ ನನ್ನ ಸುತ್ತ. ಸಹೋದ್ಯೋಗಿಗಳು ಇದನ್ನು ತ್ಯಾಗ ಎಂದು ತಿಳಿದಿದ್ದರು. ನಾನು ತಿದ್ದಲಿಲ್ಲ.

ತಿದ್ದಿಕೊಳ್ಳಬೇಕಾದ ಬೇರೆ ಸಂಗತಿಯೊಂದಿದೆ. ಒಂದು ಪ್ರವಾಸದಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬ ಬ್ಯಾಗುಗಳ ಪಕ್ಕ ಬಂದು ಕುಳಿತ. ತೆಳ್ಳನೆಯ ಹುಡುಗ, ಲೆಕ್ಕದಲ್ಲಿ ಚುರುಕು. ಅವನ ಗೆಳೆಯರೆಲ್ಲ ತೂಗುವ ಹಡಗಿನ ಸಾಲಿನಲ್ಲಿದ್ದರು. "ನಾನು ನಿಮ್ಮ ಜೊತೆ ಇರ್ತೀನಿ ಮಿಸ್" ಎಂದ. ನಾನು ಏನು ಮಾಡಬೇಕಿತ್ತು? ಅವನಿಗೆ ಜಾಗ ಕೊಡಬೇಕಿತ್ತು. ನಾನು ಅವನ ತೋಳು ಹಿಡಿದು ಎಬ್ಬಿಸಿದೆ. "ಗಂಡುಹುಡುಗ ಆಗಿ ಹೆದರ್ತೀಯಾ? ಏನೂ ಆಗಲ್ಲ, ಹೋಗು" ಎಂದು ಸಾಲಿನವರೆಗೂ ಕರೆದುಕೊಂಡು ಹೋಗಿ ಬಿಟ್ಟು ಬಂದೆ. ಗೆಳೆಯರು ಅವನನ್ನು ತುದಿಯ ಸೀಟಿಗೆ ಕೂರಿಸಿದರು. ಹಡಗಿನಲ್ಲಿ ನಡುವಿನ ಸೀಟಿಗಿಂತ ತುದಿಯಲ್ಲಿ ಏರಿಳಿತ ಎಷ್ಟೋ ಹೆಚ್ಚು. ತೂಗಿದಾಗ ತುದಿಯ ಸೀಟು ನಡುವಿನದಕ್ಕಿಂತ ಎತ್ತರಕ್ಕೆ ಏರುತ್ತದೆ ಎಂಬ ಪಾಠ ಮಾಡುವವಳು ನಾನೇ. ಇಳಿದು ಬಂದವನ ಮುಖ ಸುಣ್ಣದಂತಿತ್ತು. ಪೊದೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡು, ಬಾಯಿ ತೊಳೆದು, ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋಗಿ ಕುಳಿತ. ಮತ್ತೆ ಎರಡು ವರ್ಷ ನನ್ನ ಕ್ಲಾಸಿನಲ್ಲಿದ್ದ, ಆದರೆ ಪ್ರಶ್ನೆ ಕೇಳಲು ಕೈ ಎತ್ತಲಿಲ್ಲ. ಕ್ಷಮೆ ಕೇಳಬೇಕೆಂದು ಹಲವು ಸಲ ಅನ್ನಿಸಿತು. ಕೇಳಲಿಲ್ಲ. ಈಗ ಅವನು ಎಲ್ಲಿದ್ದಾನೋ.

ನನ್ನ ಭಯವನ್ನು ಮುಚ್ಚಿಡಲು ನನಗೆ ಬ್ಯಾಗುಗಳಿದ್ದವು. ಅವನು ತನ್ನ ಭಯವನ್ನು ಬಾಯಿಬಿಟ್ಟು ಹೇಳಿದ್ದ.

2019ರ ಡಿಸೆಂಬರಿನಲ್ಲಿ ಮತ್ತೆ ವಂಡರ್‌ಲಾ ಪ್ರವಾಸ. ಈ ಸಲ ನನ್ನ ಪಕ್ಕಕ್ಕೆ ಬಂದು ಕುಳಿತವಳು ಒಂಬತ್ತನೆಯ ತರಗತಿಯ ಹುಡುಗಿ. "ಮಿಸ್, ನಂಗೆ ತುಂಬಾ ಭಯ" ಎಂದಳು. ನನ್ನ ಬಾಯಿಂದ ಏನೂ ಆಗಲ್ಲ ಎಂಬ ಮಾತು ಹೊರಡುವುದರಲ್ಲಿತ್ತು. ಆ ಹುಡುಗನ ಸುಣ್ಣದಂಥ ಮುಖ ನೆನಪಾಯಿತು. "ನಂಗೂ" ಎಂದೆ. ಅವಳು ನನ್ನನ್ನೇ ನೋಡಿದಳು. ಒಬ್ಬ ವಿದ್ಯಾರ್ಥಿಗೆ ನಾನು ಈ ಮಾತು ಹೇಳಿದ್ದು ಅದೇ ಮೊದಲು.

ಎದುರಿಗೆ ರಿಕಾಯ್ಲ್ ಎಂಬ ರೋಲರ್ ಕೋಸ್ಟರ್. ಸುಮ್ಮನೆ ನೋಡುತ್ತ ಕುಳಿತೆವು. ಬೋಗಿಗಳ ಸಾಲನ್ನು ಮೊದಲು ಹಿಮ್ಮುಖವಾಗಿ ಕಡಿದಾದ ಏರಿಗೆ ಎಳೆದು, ತುದಿಯಲ್ಲಿ ಬಿಡುತ್ತಾರೆ. ಅದು ಧಾವಿಸಿ ಬಂದು, ನಿಲ್ದಾಣವನ್ನು ದಾಟಿ, ಮೂರು ಸಲ ತಲೆಕೆಳಗಾಗಿ ಆಚೆಯ ಏರು ಹತ್ತುತ್ತದೆ. ಅಲ್ಲಿಂದ ಅದೇ ದಾರಿಯಲ್ಲಿ ಹಿಂದುಹಿಂದಕ್ಕೆ ಬಂದು ಮತ್ತೆ ಮೂರು ಸಲ ತಲೆಕೆಳಗು. ಹುಡುಗಿ ತನ್ನ ವಾಚಿನಲ್ಲಿ ಸಮಯ ಹಿಡಿದಳು. ಒಂದು ಆಟ ಎರಡು ನಿಮಿಷದೊಳಗೆ ಮುಗಿಯುತ್ತಿತ್ತು. ಆರು ಆಟ ನೋಡಿದೆವು. ಹೋದವರನ್ನು ಎಣಿಸಿದಳು, ಬಂದವರನ್ನು ಎಣಿಸಿದಳು.

"ತಲೆಕೆಳಗಾದಾಗ ಬೀಳಲ್ವಾ?" ಎಂದು ಕೇಳಿದಳು. ಆ ಪ್ರಶ್ನೆಗೆ ನಾನು ಎಷ್ಟೋ ವರ್ಷದಿಂದ ಉತ್ತರ ಓದಿಟ್ಟುಕೊಂಡಿದ್ದೆ. ಭಯಪಡುವವರು ತಾವು ಹತ್ತದ ಯಂತ್ರಗಳ ಬಗ್ಗೆ ಬಹಳ ಓದಿರುತ್ತಾರೆ. ಪ್ರವಾಸದ ಹಾಜರಿ ಪಟ್ಟಿಯ ಹಿಂಬದಿಗೆ ಪೆನ್ಸಿಲಿನಲ್ಲಿ ಚಿತ್ರ ಬರೆದೆ. ಬೋಗಿಯ ಗಾಲಿ ಹಳಿಯ ಮೇಲೆ ಮಾತ್ರ ಇರುವುದಿಲ್ಲ. ಮೇಲೊಂದು, ಬದಿಗೊಂದು, ಹಳಿಯ ಅಡಿಗೊಂದು. ಮೂರೂ ಸೇರಿ ಹಳಿಯನ್ನು ಮುಷ್ಟಿಯಂತೆ ಹಿಡಿದಿರುತ್ತವೆ. ಅಡಿಯ ಆ ಗಾಲಿಗೆ ಅಮೆರಿಕದ ಜಾನ್ ಮಿಲ್ಲರ್ 1919ರಲ್ಲಿ ಪೇಟೆಂಟ್ ಪಡೆದ. ಆಮೇಲೆ ಸುರುಳಿಯ ಆಕಾರ. 1895ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಮಾಡಿದ ಸುರುಳಿ ದುಂಡಗಿತ್ತು, ಕುಳಿತವರ ಕತ್ತು ಉಳುಕುತ್ತಿತ್ತು. ಲೆಕ್ಕ ಸರಳ. ದುಂಡು ಸುರುಳಿಯ ತುದಿಯಲ್ಲಿ ಬೀಳದೆ ದಾಟುವಷ್ಟೇ ವೇಗ ಬೇಕೆಂದರೂ, ಬುಡದಲ್ಲಿ ಮೈಯ ಭಾರ ಆರು ಪಟ್ಟು ಆಗುತ್ತದೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಪಾರ್ಕೊಂದಕ್ಕೆ ಜರ್ಮನಿಯ ವರ್ನರ್ ಸ್ಟೆಂಗಲ್ ಹನಿಯ ಆಕಾರದ ಸುರುಳಿ ಲೆಕ್ಕಹಾಕಿ ಕೊಟ್ಟ. ಬುಡದಲ್ಲಿ ಅಗಲ, ತುದಿಯಲ್ಲಿ ಕಿರಿದು. ಭಾರ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ಹುಡುಗಿ ತಲೆಯೆತ್ತಿ ಎದುರಿನ ಸುರುಳಿ ನೋಡಿದಳು. "ಹೌದು ಮಿಸ್, ಉದ್ದ ಇದೆ" ಎಂದಳು.

ಬಿ.ಎಡ್. ಓದುವಾಗ ಪರೀಕ್ಷೆಗೆಂದು ಕಲಿತ ಒಂದು ಪ್ರಸಂಗ ಆಗ ನೆನಪಿಗೆ ಬಂತು. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಮನೋವಿಜ್ಞಾನಿ, ಮೊಲ ಕಂಡರೆ ಹೆದರುತ್ತಿದ್ದ ಪೀಟರ್ ಎಂಬ ಮಗುವಿನ ಭಯ ಬಿಡಿಸಿದ ಬಗೆಯನ್ನು ಪ್ರಕಟಿಸಿದಳು. ಮಗು ಇಷ್ಟದ ತಿಂಡಿ ತಿನ್ನುವಾಗ ಮೊಲದ ಪಂಜರವನ್ನು ಕೋಣೆಯ ದೂರದಲ್ಲಿಡುತ್ತಿದ್ದಳು. ದಿನ ಕಳೆದಂತೆ, ಮಗು ತಾಳಿಕೊಳ್ಳುವಷ್ಟೇ ಹತ್ತಿರ ತರುತ್ತಿದ್ದಳು. ಕೊನೆಗೆ ಮೊಲ ಅವನ ಬೆರಳು ಕಚ್ಚಿ ಆಡುವಷ್ಟು ಹತ್ತಿರವಾಯಿತು. ಮೊಲ ಎಷ್ಟು ಹತ್ತಿರ ಬರಬೇಕೆಂದು ತೀರ್ಮಾನಿಸಿದ್ದು ಒಂದರ್ಥದಲ್ಲಿ ಆ ಮಗುವೇ. ಉತ್ತರಪತ್ರಿಕೆಯಲ್ಲಿ ಇದನ್ನು ಬರೆದಿದ್ದ ನಾನು ಆ ಹುಡುಗನ ತೋಳು ಹಿಡಿದು ಎಳೆದಿದ್ದೆ.

ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು. ಇಬ್ಬರಲ್ಲಿ ಯಾರು ಯಾವಾಗ ಬೇಡ ಅಂದರೂ ವಾಪಸ್. ಯಾಕೆ ಎಂದು ಕೇಳುವಂತಿಲ್ಲ. ಮೊದಲು ತೂಗುವ ಹಡಗು, ನಟ್ಟನಡುವಿನ ಸೀಟು. ಕಣ್ಣು ಮುಚ್ಚಿಕೊಂಡು ಕೂತೆ, ಮುಗಿಯಿತು. ಮತ್ತೊಮ್ಮೆ, ಕಣ್ಣು ತೆರೆದು. ಊಟವಾದ ಮೇಲೆ ಒಂದೆರಡು ತಾಸು ಬಿಟ್ಟು ರಿಕಾಯ್ಲಿನ ಸಾಲು. ಬ್ಯಾಗುಗಳನ್ನು ಪಿ.ಟಿ. ಮೇಷ್ಟ್ರು ನೋಡಿಕೊಂಡರು.

ಗೇಟಿನವರೆಗೂ ಹೋದೆವು. ಮುಂದಿನ ಸರದಿ ನಮ್ಮದೇ. ಬೋಗಿಯ ಸೀಟು, ಮೇಲಕ್ಕೆತ್ತಿದ ಭುಜಪಟ್ಟಿ ಕಣ್ಣಿಗೆ ಬಿದ್ದದ್ದೇ ನನ್ನ ಕಾಲುಗಳು ನಿಂತುಬಿಟ್ಟವು. "ಬೇಡ" ಎಂದೆ. ನಾನೇ ಎಂದೆ, ಹುಡುಗಿಯಲ್ಲ. ಗೇಟಿನಲ್ಲಿ ನಿಂತಿದ್ದ ಹುಡುಗನಿಗೆ ಇಪ್ಪತ್ತೆರಡು ಇಪ್ಪತ್ತಮೂರು ಇರಬಹುದು. ಬದಿಯ ಚಿಕ್ಕ ಗೇಟು ತೆರೆದು, "ಪರವಾಗಿಲ್ಲ ಮೇಡಂ, ಆಮೇಲೆ ಬೇಕಾದ್ರೆ ಬನ್ನಿ" ಎಂದ. ನಗಲಿಲ್ಲ. ಹಿಂದೆ ನಿಂತವರೂ ನಗಲಿಲ್ಲ. ಹುಡುಗಿ ನನ್ನ ಕೈ ಹಿಡಿದುಕೊಂಡು ಜೊತೆಗೆ ಹೊರಬಂದಳು, ಯಾಕೆ ಎಂದು ಕೇಳಲಿಲ್ಲ.

ಹೊರಗೆ ಕಲ್ಲುಬೆಂಚಿನ ಮೇಲೆ ಕುಳಿತಾಗ ಮೈಯಲ್ಲಿ ಏನೋ ಸಡಿಲಾದದ್ದು ತಿಳಿಯಿತು. ನಾನು ಬೇಡ ಎಂದಿದ್ದೆ, ಗೇಟು ತೆರೆದಿತ್ತು. ಆ ಸರಳಿಗೆ ಸುತ್ತಿದ ತಂತಿಯನ್ನು ಯಾರೋ ಬಿಚ್ಚಿದ ಹಾಗೆ. ಹತ್ತು ನಿಮಿಷ ಕಳೆದಿರಬಹುದು, "ಇನ್ನೊಂದ್ಸಲ ನಿಲ್ಲೋಣ್ವಾ?" ಎಂದು ನಾನೇ ಕೇಳಿದೆ.

ಎರಡನೆಯ ಸಲ ಕುಳಿತೆವು. ಭುಜಪಟ್ಟಿ ಟಕ್ ಟಕ್ ಎನ್ನುತ್ತ ಇಳಿದು ಎದೆಗೆ ಕೂತಿತು. ಅದೇ ಹುಡುಗ ಪ್ರತಿಯೊಬ್ಬರ ಪಟ್ಟಿಯನ್ನೂ ಹಿಡಿದು ಮೇಲಕ್ಕೆ ಜಗ್ಗಿ ನೋಡುತ್ತ ಬಂದ. ನನ್ನದನ್ನು ಎರಡು ಸಲ ಜಗ್ಗಿದ, ನನಗೆ ಕಾಣುವ ಹಾಗೆ. ಬೋಗಿಯನ್ನು ಹಿಂದಕ್ಕೆ ಎಳೆಯತೊಡಗಿದರು. ನಿಲ್ದಾಣ ಕೆಳಗೆ ಕೆಳಗೆ ಸರಿಯಿತು. ನಾವು ಮುಖ ನೆಲಕ್ಕೆ ಮಾಡಿ ನೇತುಬಿದ್ದಿದ್ದೆವು. ನೂರಡಿಗೂ ಮೇಲೆ ಒಂದು ಕ್ಷಣ ಎಲ್ಲ ಸದ್ದೂ ನಿಂತಿತು. ಕೆಳಗೆ ಮನುಷ್ಯರು ಮತ್ತೆ ಹರವಿದ ಅಡಿಕೆ.

ಬಿಟ್ಟಿತು. ಹೊಟ್ಟೆ ಹೋಯಿತು. ಒಂಬತ್ತು ವರ್ಷದ ಹೊಟ್ಟೆಯೇ, ಅದೇ ಖಾಲಿ, ಗುರುತು ಸಿಕ್ಕಿತು. ನೆಲ ಒತ್ತುತ್ತಿಲ್ಲ, ಅಷ್ಟೇ, ಎಂದು ನನ್ನೊಳಗಿನ ಶಿಕ್ಷಕಿ ಹೇಳಿದಳು. ಆಮೇಲೆ ಯಾರೂ ಏನೂ ಹೇಳಲಿಲ್ಲ. ಆಕಾಶ ಕಾಲ ಕೆಳಗೆ ಬಂತು, ಸುರುಳಿಯ ಬುಡದಲ್ಲಿ ಕೆನ್ನೆ ಜೋತುಬಿತ್ತು, ಪಕ್ಕದಲ್ಲಿ ಹುಡುಗಿ ಕಿರುಚುತ್ತಿದ್ದಳು, ನಾನೂ. ಹಿಂದಕ್ಕೆ ಬರುವ ಪಯಣ ಹೆಚ್ಚು ಹಗುರಾಗಿತ್ತು. ಮುಂದೇನು ಬರುತ್ತದೆಂದು ಕಾಣದಿದ್ದಾಗ ಕಾಯುವುದಕ್ಕೂ ಏನಿರುವುದಿಲ್ಲ. ಇಳಿದ ಮೇಲೆ ನಾನು ಅತ್ತೆ. ಹುಡುಗಿ ಬಾಟಲಿ ತೆರೆದು ನೀರು ಕೊಟ್ಟಳು.

ಭಯ ಪೂರ್ತಿ ಹೋಯಿತೆಂದು ಹೇಳಲಾರೆ. ಈಗಲೂ ಎತ್ತರದಲ್ಲಿ ಅಂಗೈ ಬೆವರುತ್ತದೆ. ಆದರೆ ಲಿಫ್ಟಿನಲ್ಲಿ ಹೋಗುತ್ತೇನೆ, ಗಂಡನಿಗೂ ಮಂಡಿನೋವು ಬಂದಿರುವುದರಿಂದ ಅದು ಸಕಾಲಕ್ಕೇ ಆಯಿತು.

ಅಪ್ಪಚ್ಚಿಗೆ ಈಗ ಎಪ್ಪತ್ತು. ಕಿವಿ ಮಂದ, ನಡೆ ನಿಧಾನ, ಮರ ಹತ್ತುತ್ತಿದ್ದ ಕಾಲು ಮೆಟ್ಟಿಲಿಗೂ ಕೋಲು ಕೇಳುತ್ತದೆ. ಈ ಸಲ ಜಾತ್ರೆಗೆ ಹೋಗುವ ಹಿಂದಿನ ರಾತ್ರಿ ಜಗಲಿಯಲ್ಲಿ ಅವನ ಪಕ್ಕ ಕುಳಿತು ಕೇಳಿದೆ, ತೊಟ್ಟಿಲು ನೆನಪಿದೆಯೇ ಎಂದು. ಮುಖ ಅರಳಿತು. "ನೆನಪಿಲ್ದೇ ಎಂತ? ಎರಡು ಆಟ ಕೂತಿದ್ಯ. ನೀ ಅವತ್ತು ಎಷ್ಟು ನೆಗ್ಯಾಡಿದ್ದೆ ಕೂಸೇ!" ಎಂದ. ನಾನು ನಕ್ಕಿರಲಿಲ್ಲ. ನಕ್ಕವನು ಅವನು. ಅವನ ನೆನಪಿನಲ್ಲಿ ಇಬ್ಬರ ನಗೆಯೂ ಒಂದಾಗಿಬಿಟ್ಟಿದೆ. ಆ ಎಂಟಾಣೆ ಅವನ ಇಡೀ ಜಾತ್ರೆಯ ಖರ್ಚಿನಲ್ಲಿ ಕೊನೆಗೆ ಉಳಿದದ್ದಂತೆ, ಅದಕ್ಕೇ ವಾಪಸು ಬರುವಾಗ ಕಬ್ಬಿನಹಾಲು ಕುಡಿಸಲಾಗಲಿಲ್ಲವಂತೆ. ನಲವತ್ತಾರು ವರ್ಷ ಅವನಿಗೆ ಅದೊಂದೇ ಕೊರಗು. ಪ್ರೀತಿಯಿಂದಲೇ ಕೊಟ್ಟಿದ್ದ, ಅದರಲ್ಲಿ ನನಗೆ ಅನುಮಾನವಿಲ್ಲ, ಆಗಲೂ ಇರಲಿಲ್ಲ. ಆದರೂ ಅವನು ಮಾಡಿದ್ದು ತಪ್ಪು. ಎರಡನ್ನೂ ಒಟ್ಟಿಗೇ ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು. ಅವನಿಗೆ ಹೇಳಲಿಲ್ಲ. ಹೊದಿಕೆ ಸರಿಮಾಡಿ ಒಳಗೆ ಹೋದೆ.

ಅದಕ್ಕೇ ಟಿಕೆಟ್ ಕೌಂಟರಿನ ಎದುರು ಅಣ್ಣನ ಮಗನಿಗೆ, "ಮಾಣಿ ಯನ್ನ ಹತ್ರ ಇರ್ಲಿ. ನೀ ಬೇಕಾದ್ರೆ ಹತ್ತಿ ಬಾ" ಎಂದೆ. "ನೀ ಎಂತಕ್ಕೆ ಅತ್ತೆ, ಹೆದರಿಕೆ ಬಿಡ್ಸಕ್ಕಲೆ" ಎಂದು ಗೊಣಗಿದ. ಮತ್ತೆ ನನ್ನ ಮುಖ ನೋಡಿ ಸುಮ್ಮನಾದ, ಮಿರ್ಚಿ ಭಜಿ ತರಲು ಹೋದ.

ನಾವಿಬ್ಬರೂ ತೊಟ್ಟಿಲಿನಿಂದ ಸ್ವಲ್ಪ ದೂರದಲ್ಲಿ, ಕಲ್ಲಿನ ಕಟ್ಟೆಯ ಮೇಲೆ ಕುಳಿತೆವು. ಮಾಣಿ ಪೆಟ್ಟಿಗೆ ಎಣಿಸಿದ. ಆಮೇಲೆ, ಒಂದು ಪೆಟ್ಟಿಗೆಯಲ್ಲಿ ಕುಳಿತ ಹಸಿರು ಅಂಗಿಯ ಹುಡುಗಿಯನ್ನು ಗುರುತಿಟ್ಟುಕೊಂಡು ಅವಳು ಎಷ್ಟು ಸಲ ಮೇಲೆ ಬಂದಳೆಂದು ಎಣಿಸತೊಡಗಿದ. ಅವಳು ಇಳಿದ ಮೇಲೆ, ಇನ್ನೂ ಸ್ವಲ್ಪ ಹತ್ತಿರ ಹೋಗೋಣವೇ ಎಂದು ತಾನೇ ಕೇಳಿದ. ಹೋದೆವು. ಕಟಾಂಜನ ಹಿಡಿದು ನಿಂತು, ಪೆಟ್ಟಿಗೆಯ ಬಾಗಿಲಿಗೆ ಚಿಲಕ ಹಾಕುವವನ ಕೈಯನ್ನೇ ನೋಡಿದ. ನಾನೂ ನೋಡಿದೆ. ದಪ್ಪ ಚಿಲಕ, ಜೊತೆಗೊಂದು ಪಿನ್ನು.

"ಇವತ್ತು ಬ್ಯಾಡ" ಎಂದ.

"ಆತು" ಎಂದೆ.

ಭಜಿಯ ಪೊಟ್ಟಣ ಹಿಡಿದು ಅವನಪ್ಪ ಬರುತ್ತಿದ್ದ. ಮಾಣಿ ನನ್ನ ಕೈ ಬಿಟ್ಟು, ಎರಡು ಹೆಜ್ಜೆ ಓಡಿ, ಮತ್ತೆ ತಿರುಗಿ ನಿಂತ.

"ಬೆಂಗ್ಳೂರಜ್ಜಿ, ಮುಂದಿನ ಜಾತ್ರೆಗೆ ಯಂಗೆ ಎಷ್ಟು ವರ್ಷ ಆಗ್ತು?"

"ಒಂಬತ್ತು" ಎಂದೆ.

ಬೆರಳು ಮಡಚಿ ಎಣಿಸಿ ನೋಡಿ, ಸರಿಯಿದೆ ಎನ್ನುವಂತೆ ತಲೆಯಾಡಿಸಿದ.